ರೆಸಿನ್ ಗಂಡಭೇರುಂಡಕ್ಕ ಬಿದ್ರಿ ಕಪ್ಪು ಹತ್ತಿಸಿದ್ದು: ನನ್ನ ಅನುಭವ

ಕಡಿಗೂ ಕಪ್ಪು ಹತ್ತಿತ್ರಿ. ಏಳು ಇಂಚಿನ ಗಂಡಭೇರುಂಡ, ಅಚ್ಚಿನಾಗ ಸುರುವೋ ಪ್ಲಾಸ್ಟಿಕ್ ಅಂದ್ರ ರೆಸಿನ್‌ದು, ಮೈ ಪೂರಾ ಬಿದ್ರಿ ಹೂಜಿ ಇರ್ತದಲ್ಲ ಹಂಗ ಕಪ್ಪು, ರೆಕ್ಕಿ ಮ್ಯಾಲಿನ ಬೆಳ್ಳಿ ಗೆರಿ ಬೆಳ್ಳಗ ಹಂಗೇ ಉಳದಾವ. ಪೇಂಟ್ ಒಂದು ಹನಿ ಹಚ್ಚಿಲ್ಲ. ಎರಡು ವರ್ಷದಿಂದ ನಮ್ಮ ಗೊಂಬಿ ಕೂಡಿಹಾಕೋ ಕಲೆಕ್ಟರ್ ಮಂದಿ ಕೂಡಿದಾಗೆಲ್ಲ ಇದೇ ಮಾತು, ಬಿದ್ರಿಗಿ ಕಾಸಬೇಕು, ಕಾಸಿದ್ರ ರೆಸಿನ್ ಕುಸೀತದ, ಸುಮ್ನ ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಹೊಡ್ದು ಬಿಡು ಅಂತ. ಬೀದರಿನ ಒಬ್ಬ ಕಸಬುದಾರರು ಸೈತ ತಲಿ ಅಲ್ಲಾಡಿಸಿದ್ರು. ಈಗ ಅವರ ಕೈಯಾಗೇ ಕೊಟ್ಟು ಬಂದೀನಿ, ಹೊಳ್ಳಿಸಿ ಹೊಳ್ಳಿಸಿ ನೋಡಿ ತೂಕ ಯಾಕ ಕಮ್ಮಿ ಅದ ಅಂತ ಅದೊಂದೇ ಕೇಳಿದ್ರು.

ನನ್ನ ಹತ್ರ ಶ್ಲೈಕ್, ಪಾಪೋ, ಸಫಾರಿ ಕಂಪನಿ ಗೊಂಬಿ ಎಲ್ಲಾ ಕೂಡಿ ಅರವತ್ತರ ಮ್ಯಾಲ ಅವ, ಡ್ರ್ಯಾಗನ್ನೇ ಜಾಸ್ತಿ. ಗಂಡಭೇರುಂಡ ಮಾತ್ರ ಎಷ್ಟು ಹುಡುಕಿದ್ರೂ ನನಗ ಸಿಗಲಿಲ್ಲ. ನಮ್ಮ ರಾಜ್ಯದ ಲಾಂಛನದಾಗ ನಡುವ ಅದೇ ಅದ, ಆ ಕಡಿ ಈ ಕಡಿ ಆನಿ ತಲಿ ಸಿಂಹದ ಮೈಯಿನ ಶರಭ ನಿಂತಾವ, ಬಳ್ಳಿಗಾವಿ ಕಂಬದ ಮ್ಯಾಲ 1047ರಾಗೇ ಕೂಡಿಸ್ಯಾರ. ಅಲ್ಲಿದು ಮನುಷ್ಯಾನ ಮೈ, ಎರಡು ಹಕ್ಕಿ ತಲಿ. ನಾ ಪೂರಾ ಹಕ್ಕಿ ರೂಪದ್ದೇ ತಿದ್ದಿದೆ, ಕೊಕ್ಕು ಮಾತ್ರ ಬಳ್ಳಿಗಾವಿ ಫೋಟೋ ನೋಡಿ.

ಮೊದಲನೇ ಪೆಟ್ಟು ಮೋಲ್ಡ್ ದಾಗೇ, ಅಂದ್ರ ಅಚ್ಚಿನಾಗೇ, ಬಿತ್ತು. ಅಗ್ಗ ಸಿಗ್ತದಂತ ಗಂಧಕ ಇರೋ ಕ್ಲೇ ತಂದು ಮೂರು ವಾರ ಕುಂತು ತಿದ್ದಿದೆ, ಅದರ ಮ್ಯಾಲ ಪ್ಲಾಟಿನಂ ಸಿಲಿಕಾನ್, ಅಂದ್ರ ಅಚ್ಚು ಮಾಡೋ ರಬ್ಬರ್, ಸುರುವಿದೆ, ಕಿಲೋಕ್ಕ ಎರಡು ಸಾವಿರದ ಮ್ಯಾಲ ಕೊಟ್ಟಿದ್ದೆ, ಮರುದಿನ ನೋಡಿದ್ರ ಕ್ಲೇಕ್ಕ ಹತ್ತಿದ ಜಾಗಾ ಎಲ್ಲಾ ಜೇನಿನಂಗ ಅಂಟು ಅಂಟು, ಮಾಡಲ್ಲೂ ಹೋಯ್ತು ಸಿಲಿಕಾನೂ ಹೋಯ್ತು. ಗಂಧಕ ತಾಗಿದ್ರ ಪ್ಲಾಟಿನಂ ಸೆಟ್ ಆಗಂಗಿಲ್ಲ, ಗೊತ್ತಿದ್ದೂ ಡಬ್ಬಿ ಓದಿರಲಿಲ್ಲ. ಎರಡನೇದು ಟಿನ್ ಸಿಲಿಕಾನಿಗಿ ಬಂದೆ, ಅರ್ಧಕ್ಕಿಂತ ಕಮ್ಮಿ ರೇಟು, ಅದು ಈಗಲೂ ನಡ್ಯಾಕತ್ತದ. ಪಿಯು (ಪಾಲಿಯುರೆಥೇನ್) ರೆಸಿನ್ ಮಳಿಗಾಲದಾಗ ಹಾಕಿ ಎರಡು ಪೀಸ್ ಬ್ರೆಡ್ಡಿನಂಗ ಉಬ್ಬಿದ್ವು, ಅವತ್ತಿನಿಂದ ಎಪಾಕ್ಸಿ ರೆಸಿನ್ ಒಂದೇ.

ಇನ್ನ ಲೋಹದ ಪುಡಿ, ಬಿದ್ರಿ ಕಪ್ಪು ಹತ್ತೋದು ಲೋಹಕ್ಕೇ ಹೊರತು ರೆಸಿನ್ನಿಗಲ್ಲ. ಸತು ರೆಸಿನ್ ದಾಗ ಕಲಸಿ ಸುರುವಿದ್ರ ಎಲ್ಲಾ ತಳಕ್ಕ ಹೋಗಿ ಕುಂಡ್ರತದ, ಭಾರ ಅಲ್ಲೇನ್ರಿ, ರೆಸಿನ್ನಿಗಿಂತ ಆರು ಪಟ್ಟು. ಮೂರು ಪೀಸಿಗಿ ಕಾಲು ಅಷ್ಟೇ ಲೋಹ, ತಲಿ ಪ್ಲಾಸ್ಟಿಕ್. ಆಮ್ಯಾಲ ಮೋಲ್ಡ್ ಒಳಗ ಒಣಾ ಪುಡಿ ಬ್ರಶ್ಶಿಲೆ ಹಚ್ಚಿ, ಮ್ಯಾಲ ಗಟ್ಟಿ ಕಲಸಿದ್ದು ತೆಳ್ಳಗ ಒಂದು ಕೋಟ್ ತಿರುವಿ, ನಡುವ ಬರೀ ರೆಸಿನ್ ತುಂಬಿದೆ. ಬರೀ ಸತು ಇದ್ರ ಬೂದಿ ಬಣ್ಣದ ಮ್ಯಾಲ ಏರಂಗಿಲ್ಲ, ತಾಮ್ರ ಬೇಕೇ ಬೇಕು, ಬಿದ್ರಿಯವರು ಹದಿನಾರಕ್ಕ ಒಂದು ಹಾಕ್ತಾರ, ನಾ ಪುಡಿಯೊಳಗ ಅದಕ್ಕಿಂತ ಜರಾ ಜಾಸ್ತಿ, ಎಷ್ಟಂತ ಇಲ್ಲಿ ಬರಿಯಂಗಿಲ್ಲ. ಮಾಸ್ಕ್ ಇಲ್ದೆ ಡಬ್ಬಿ ತಗಿಬ್ಯಾಡ್ರಿ. ಮತ್ತ ಹಸಿ ಚಮಚ ಹಾಕಬ್ಯಾಡ್ರಿ, ನಂದೊಂದು ಡಬ್ಬಿ ಗ್ಯಾಸ್ ತುಂಬಿ ಮುಚ್ಚಳ ಉಬ್ಬಿತ್ತು.

ಸ್ಟೀಲ್ ವೂಲ್ ಲೆ ಉಜ್ಜಿ ಲೋಹ ಹೊರಗ ತಂದು, ಮೈಲುತುತ್ತ ಹಚ್ಚಿ ತಾತ್ಪೂರ್ತಿ ಕಪ್ಪು ಮಾಡ್ಕೊಂಡು ಗೆರಿ ಕೊರದು, ಬೆಳ್ಳಿ ತಂತಿ ಕೂಡಿಸಿ, ಹೊಳ್ಳಿ ಉಜ್ಜಿ ಎಲ್ಲಾ ಬೆಳ್ಳಗ ಮಾಡೀನಿ. ಇಲ್ಲಿಗಿ ಬರೋದು ಕಷ್ಟ ಇಲ್ಲ. ಬೆಳ್ಳಿ ಒಂದು ಪೀಸಿಗಿ ಐದಾರು ಗ್ರಾಂ ಹಿಡಿಸ್ತದ, ಈಗಿನ ರೇಟಿನಾಗ ಅದು ಸುಮ್ನ ಅಲ್ಲ.

ಕಪ್ಪು ಹತ್ತಸಾಕ ಬೀದರ ಕೋಟೆ ಮಣ್ಣು ಬೇಕು, ಅದನ್ನ ಆ ಕಸಬುದಾರರೇ ಒಂದು ಬೊಗಸಿ ಕೊಟ್ರು. ಬಿಸಲು ಮಳಿ ಕಾಣದ ಜಾಗದ ಮಣ್ಣು, ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿ ಆರಸ್ತಾರ. ಅದಕ್ಕ ನವಸಾಗರ ಅನ್ನೋ ಉಪ್ಪು, ನೀರು. ಅವರು ಪಾತ್ರಿ ಕಾಸಿ ಹಚ್ಚತಾರ, ಐದು ನಿಮಿಷದಾಗ ಮುಗೀತದ. ನಾ ಹೇರ್ ಡ್ರೈಯರ್ ಹಿಡದೆ, ಒಂದು ಕತ್ತು ಬಗ್ಗಿತು. ಇಸ್ತ್ರಿ ಪೆಟ್ಟಿಗಿ ಹತ್ರ ಹಿಡದೆ, ಬಾಲ ಸುಕ್ಕಾತು. ತಣ್ಣಗ ಹಚ್ಚಿ ರಾತ್ರಿ ಬಿಟ್ಟೆ, ಚುಕ್ಕಿ ಚುಕ್ಕಿ. ಹಿಂಗ ಹನ್ನೊಂದು ಪೀಸ್, ಲೆಕ್ಕ ಹಾಕಿದ್ರ ಹದಿನಾಲ್ಕು ಸಾವಿರದ ಸುತ್ತ ಹೋಗಿದ್ದಾವು, ಮನಿಯಾಗ ಆ ಲೆಕ್ಕ ಹೇಳಿಲ್ಲ.

ದಾರಿ ಹೊಳದದ್ದು ಮೇ ತಿಂಗಳದಾಗ. ಮ್ಯಾಳಗಿ ಮ್ಯಾಲ ಶಹಾಬಾದ ಪರಸಿ ಹಾಸ್ಯಾರ ನಮ್ಮಲ್ಲಿ, ಹಪ್ಪಳ ಒಣಗಸಾಕ ಹೋದ ಅವ್ವ ಚಪ್ಪಲಿ ಇಲ್ದೆ ಕಾಲಿಟ್ಟು ಚೀರಿದಳು. ಕಲಬುರಗಿ ಬಿಸಲು 42, 43 ಇದ್ದಾಗ ಆ ಕಲ್ಲು ಹೆಂಚಿನಂಗೇ ಆಗ್ತದ, ಮತ್ತ ಸಂಜಿತನ ಬಿಸಿ ಹಿಡದಿರ್ತದ. ಬೆಂಕಿಗಿ ಐದು ನಿಮಿಷ ಬೇಕಾದ್ರ ಬಿಸಲಿಗಿ ಮೂರು ದಿನ ಕೊಟ್ಟರಾತು ಅಂದ್ಕೊಂಡೆ. ಮೊದಲನೇದು ಕಲ್ಲಿನ ಮ್ಯಾಲೇ ಇಟ್ಟೆ, ರೆಕ್ಕಿ ಎರಡೂ ಜೋತು ಬಿದ್ವು. ಎರಡನೇದು ಎಂಟು ದಿನ ನೆರಳಿನಾಗ ಬಿಟ್ಟು ರೆಸಿನ್ ಪೂರಾ ಗಟ್ಟಿ ಆಗಾಕ ಕೊಟ್ಟು, ಸ್ಟೀಲ್ ಬೋಗಾಣಿಯೊಳಗ ಉಸುಕು ತುಂಬಿ, ಮಣ್ಣು ಮೆತ್ತಿ ಹಸಿ ಅರಿವಿ ಸುತ್ತಿದ ಮೂರ್ತಿ ಉಸುಕಿನಾಗ ಕುತ್ತಿಗಿತನ ಹೂಳಿ, ಆ ಬೋಗಾಣಿ ಕಲ್ಲಿನ ಮ್ಯಾಲ ಇಟ್ಟೆ. ಉಸುಕು ರೆಕ್ಕಿ ಹಿಡ್ಕೊಂತು. ಅರಿವಿ ಯಾವಾಗ ಯಾವಾಗ ಹಸಿ ಮಾಡಬೇಕು ಅನ್ನೋದ್ರಾಗೇ ಎಲ್ಲಾ ಅದ, ಮಣ್ಣಿನಾಗ ಇನ್ನೊಂದು ಚಿಟಿಕಿ ಏನೋ ಬೀಳ್ತದ, ಅವೆರಡು ನನ್ನ ಹತ್ರ ಇರ್ಲಿ. ಮೂರನೇ ದಿನ ಸಂಜಿ ತೊಳದೆ. ಕತ್ತಲದಾಗ ಸರಿ ಕಾಣಲಿಲ್ಲ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಕೈ ನಡುಗಾಕತ್ತಿತ್ತು.

ಎಣ್ಣಿದೊಂದು ಮಾತು. ನಮ್ಮಲ್ಲಿ ಸಿಗೋ ಕುಸುಬಿ ಎಣ್ಣಿ ಹಚ್ಚಿದೆ, ಮಸ್ತ್ ಕಪ್ಪು ಏರಿತು, ತಿಂಗಳಿಗಿ ಅಂಟಾಗಿ ಧೂಳೆಲ್ಲಾ ಹಿಡೀತು, ಆ ಎಣ್ಣಿ ಒಣಗಿ ಪದರು ಕಟ್ಟತದ. ಕೊಬ್ಬರಿ ಎಣ್ಣಿ ಛಲೋ, ಡಿಸೆಂಬರ್ ಮುಂಜಾನಿ ಬೆಳ್ಳಗ ಹೆಪ್ಪುಗಟ್ಟತದ ಅಷ್ಟೇ, ತೆಳ್ಳಗ ಒರಸ್ರಿ.

ಅದೇ ಪರಸಿ ಮ್ಯಾಲ ಬೋಗಾಣಿ ನೀರು ಕಾಸಿ ಪಿವಿಸಿ ಡ್ರ್ಯಾಗನ್ ರೆಕ್ಕಿ ಸೀದಾ ಮಾಡೋದೂ ನೋಡಿದೆ, ಕುದಿ ನೀರಿನಷ್ಟು ಬರಂಗಿಲ್ಲ, ಸಣ್ಣ ಬಾಗು ಹೋಗ್ತದ, ಕೂಡ್ಲೆ ತಣ್ಣೀರಿಗಿ ಹಾಕಬೇಕು. ಅಂಟಾದ ಹಳೇ ಪಿವಿಸಿ ಮಾತ್ರ ಬಿಸಲಿಗಿ ಒಯ್ಯಬ್ಯಾಡ್ರಿ, ಇನ್ನಷ್ಟು ಎಣ್ಣಿ ಬಿಡತದ.

ಇಲ್ಲಿತನ ಐದು ಪೀಸ್ ಸರಿ ಬಂದಾವ. ಒಂದು ಪೀಸಿಗಿ ಖರ್ಚು ಹದಿನೆಂಟು ನೂರರ ಹತ್ರ ಬಂದಿತ್ತು, ಪುಣೆ ಕಲೆಕ್ಟರ್ ಒಬ್ರು ನಾಲ್ಕೂವರಿ ಸಾವಿರಕ್ಕ ಎರಡು ಒಯ್ದರು, ಒಂದು ಕೊರಿಯರ್ ದಾಗ ಕೊಕ್ಕು ಮುರೀತು, ಹೊಳ್ಳಿ ಮಾಡಿ ಕಳಿಸಿದೆ, ಆ ರೊಕ್ಕ ನನ್ನ ಮ್ಯಾಲೇ ಬಿತ್ತು. ಈಗ ಶರಭದ ಮೋಲ್ಡ್ ತಯಾರದ, ಸೊಂಡಿಲ ತುದಿಗಿ ಗಾಳಿ ಗುಳ್ಳಿ ನಿಂದರ್ತಾವ, ಅಲ್ಲೊಂದು ಸಣ್ಣ ತೂತು ಕೊಟ್ಟು ನೋಡ್ಬೇಕು. ಬಿಸಲು ಏರೋದಕ್ಕ ಇನ್ನೂ ಎರಡು ತಿಂಗಳದ.