ಎಸ್‌ಎಸ್‌ಎಲ್‌ಸಿಯ ಹೊಸ ತೇರ್ಗಡೆ ನಿಯಮ: ಅಂಕ, ಶ್ರೇಣಿ, ಪಠ್ಯ ಮೂರನ್ನೂ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳುವ ಬಗೆ

ಎಸ್‌ಎಸ್‌ಎಲ್‌ಸಿ ಎಂದರೆ ಮೂವತ್ತೈದು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ನಿಯಮ ಬದಲಾದ ಮೇಲೂ ಪೋಷಕರ ಸಭೆಗೆ ಬರುವ ಹತ್ತರಲ್ಲಿ ಎಂಟು ಮಂದಿ ಆ ಸಂಖ್ಯೆಯನ್ನೇ ಕೇಳುತ್ತಾರೆ. ಉಳಿದಿಬ್ಬರು ‘ಈಗ ಮೂವತ್ತು ಸಾಕಂತಲ್ಲ’ ಎನ್ನುತ್ತಾರೆ. ಎರಡನೆಯ ತಿಳಿವಳಿಕೆ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾ ಬಂದ ನಾನು ಈ ಬರಹವನ್ನು ಹತ್ತನೆಯ ತರಗತಿಯ ಮಕ್ಕಳ ಪೋಷಕರಿಗಾಗಿಯೂ ಹೊಸದಾಗಿ ತರಗತಿ ಶಿಕ್ಷಕರಾದವರಿಗಾಗಿಯೂ ಬರೆಯುತ್ತಿದ್ದೇನೆ. ಬೇಕಾದ ಸಾಮಗ್ರಿ ಒಂದು ಇನ್ನೂರು ಪುಟದ ನೋಟ್‌ಪುಸ್ತಕ, ಈ ವರ್ಷದ ಪಠ್ಯಪುಸ್ತಕಗಳು ಮತ್ತು ಹಿಂದಿನ ವರ್ಷಗಳ ಎರಡು ಪ್ರಶ್ನೆಪತ್ರಿಕೆಗಳು, ಇಷ್ಟೆ.

ಮೊದಲು ನಿಯಮ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದಂತೆ 2025-26ನೆಯ ಸಾಲಿನಿಂದ ಎಸ್‌ಎಸ್‌ಎಲ್‌ಸಿ ತೇರ್ಗಡೆಗೆ ಒಟ್ಟಾರೆ ಶೇ. 33, ಅಂದರೆ ಆಂತರಿಕ ಅಂಕಗಳೂ ಸೇರಿ 625ಕ್ಕೆ 206 ಅಂಕಗಳು ಬೇಕು. ಅದರ ಜೊತೆಗೆ ಪ್ರತಿಯೊಂದು ವಿಷಯದಲ್ಲೂ ಕನಿಷ್ಠ ಶೇ. 30 ಇರಬೇಕು. ಹಿಂದೆ ಶೇ. 35ರಂತೆ ಒಟ್ಟು 219 ಬೇಕಿತ್ತು. ಈ ‘ಜೊತೆಗೆ’ ಎಂಬ ಪದದಲ್ಲೇ ಎಲ್ಲ ಗೊಂದಲವೂ ಅಡಗಿದೆ, ಏಕೆಂದರೆ ಇವು ಎರಡು ಬೇರೆ ಬೇರೆ ಬಾಗಿಲುಗಳು. ಒಂದನ್ನು ದಾಟಿದವನಿಗೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

ಲೆಕ್ಕ ಹಾಕಿಯೇ ನೋಡಿ. ಪ್ರಥಮ ಭಾಷೆಗೆ 125 ಅಂಕಗಳು, ಅದರ ಶೇ. 30 ಎಂದರೆ ಮೂವತ್ತೇಳೂವರೆ, ಮೂವತ್ತೆಂಟು ಎಂದಿಟ್ಟುಕೊಳ್ಳೋಣ. ಉಳಿದ ಐದು ವಿಷಯಗಳಿಗೆ ತಲಾ ಮೂವತ್ತರಂತೆ 150. ಎರಡೂ ಸೇರಿ 188. ಎಲ್ಲ ವಿಷಯಗಳಲ್ಲೂ ಕನಿಷ್ಠವನ್ನು ಮುಟ್ಟಿದ ಹುಡುಗ ಒಟ್ಟು ಮೊತ್ತದಲ್ಲಿ ಇನ್ನೂ 18 ಅಂಕಗಳಷ್ಟು ಹಿಂದೆ ಉಳಿದಿರುತ್ತಾನೆ. ಕನ್ನಡದಲ್ಲಿ 48, ಇಂಗ್ಲಿಷಿನಲ್ಲಿ 31, ಹಿಂದಿಯಲ್ಲಿ 33, ಗಣಿತದಲ್ಲಿ 30, ವಿಜ್ಞಾನದಲ್ಲಿ 30, ಸಮಾಜ ವಿಜ್ಞಾನದಲ್ಲಿ 32 ಬಂದಿವೆ ಎಂದುಕೊಳ್ಳಿ: ಪ್ರತಿ ವಿಷಯದ ಮುಂದೆಯೂ ಸರಿ ಗುರುತು ಹಾಕಬಹುದು, ಆದರೆ ಕೂಡಿದರೆ 204. ಎರಡು ಅಂಕಗಳ ಕೊರತೆ. ಇದಕ್ಕೆ ತದ್ವಿರುದ್ಧವಾಗಿ, ಒಟ್ಟು 300 ದಾಟಿಯೂ ಗಣಿತವೊಂದರಲ್ಲಿ 27ಕ್ಕೆ ನಿಂತವಳಿಗೂ ತೇರ್ಗಡೆಯಿಲ್ಲ. ಆದ್ದರಿಂದ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಆರು ವಿಷಯಗಳಿಗೆ ಆರು ಸಾಲು, ಕೆಳಗೆ ಒಟ್ಟು ಮೊತ್ತಕ್ಕೆ ಒಂದು ಸಾಲು ಎಳೆದು, ಪ್ರತಿ ಪರೀಕ್ಷೆಯ ನಂತರ ಏಳನ್ನೂ ತುಂಬಿಸಿರಿ. ಬಹಳ ಮನೆಗಳಲ್ಲಿ ಆರು ಸಾಲುಗಳನ್ನು ಬರೆಯುತ್ತಾರೆ, ಏಳನೆಯದನ್ನು ಮರೆಯುತ್ತಾರೆ.

ಆ ಹದಿನೆಂಟು ಅಂಕಗಳನ್ನು ಎಲ್ಲಿಂದ ತರಬೇಕು? ಗಣಿತದಿಂದಲೂ ವಿಜ್ಞಾನದಿಂದಲೂ ಅಲ್ಲ ಎಂಬುದು ನನ್ನ ಅನುಭವ. ಹಿಂದುಳಿದ ಮಗುವಿಗೆ ಅವು ಗಡಿ ಮುಟ್ಟುವ ವಿಷಯಗಳು. ಮೊತ್ತವನ್ನು ಏರಿಸುವ ವಿಷಯ ಪ್ರಥಮ ಭಾಷೆ. ನೂರು ಅಂಕಗಳ ಲಿಖಿತ ಪರೀಕ್ಷೆ, ಇಪ್ಪತ್ತೈದು ಆಂತರಿಕ, ಪತ್ರಲೇಖನ, ಪ್ರಬಂಧ, ಗಾದೆ ಮಾತಿನ ವಿಸ್ತರಣೆ, ಕಂಠಪಾಠದ ಪದ್ಯ: ಇಷ್ಟು ಅನುಕೂಲ ಬೇರೆ ಯಾವ ಪತ್ರಿಕೆಯಲ್ಲೂ ಇಲ್ಲ. ಆದರೂ ‘ಕನ್ನಡ ತಾನೆ, ಬಿಡಿ’ ಎಂದು ಸಂಜೆಯ ವಿಶೇಷ ತರಗತಿಗಳನ್ನೆಲ್ಲ ಗಣಿತಕ್ಕೇ ಕೊಡುವ ವಾಡಿಕೆಯಿದೆ. ಮಾತೃಭಾಷೆಯ ಪತ್ರಿಕೆಯಲ್ಲಿ ಅರವತ್ತು ತೆಗೆಯಬಲ್ಲ ಮಗುವನ್ನು ನಲವತ್ತಕ್ಕೆ ಬಿಟ್ಟು, ಗಣಿತದಲ್ಲಿ ಮೂವತ್ತರಿಂದ ಮೂವತ್ತೈದಕ್ಕೆ ತರಲು ಮೂರು ತಿಂಗಳು ಹೆಣಗುವುದು ಲೆಕ್ಕ ತಿಳಿದವರ ಕೆಲಸವಲ್ಲ.

ಆಂತರಿಕ ಅಂಕಗಳನ್ನು ಓದುವುದು

ಉಳಿದ ಐದು ವಿಷಯಗಳಲ್ಲಿ 80 ಅಂಕ ಲಿಖಿತ, 20 ಅಂಕ ಆಂತರಿಕ. ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಅಂದರೆ ಶಿಕ್ಷಕರ ಬಾಯಲ್ಲಿ ಎಫ್‌ಎಗಳು, ತಲಾ 50 ಅಂಕಗಳವು. ಅದರಲ್ಲಿ ಎರಡು ಚಟುವಟಿಕೆಗಳಿಗೆ 15ರಂತೆ 30, ಬರೆಯುವ ಕಿರುಪರೀಕ್ಷೆಗೆ 20. ನಾಲ್ಕೂ ಸೇರಿದ 200 ಅಂಕಗಳನ್ನು 20ಕ್ಕೆ, ಪ್ರಥಮ ಭಾಷೆಯಲ್ಲಿ 25ಕ್ಕೆ ಇಳಿಸುತ್ತಾರೆ. ಮಗು ನಾಲ್ಕು ಎಫ್‌ಎಗಳಲ್ಲಿ 38, 41, 37, 44 ಪಡೆದಿದ್ದರೆ ಮೊತ್ತ 160. ಹತ್ತರಿಂದ ಭಾಗಿಸಿದರೆ ಆಂತರಿಕ ಅಂಕ 16, ಪ್ರಥಮ ಭಾಷೆಯಾದರೆ ಎಂಟರಿಂದ ಭಾಗಿಸಿ 20. ಜೂನ್ ತಿಂಗಳಲ್ಲಿ ಕೈಬಿಟ್ಟ ಒಂದು ಚಟುವಟಿಕೆಯ 15 ಅಂಕಗಳು ಕೊನೆಯಲ್ಲಿ ಒಂದೂವರೆ ಅಂಕವಾಗಿ ಕಾಣಿಸಿಕೊಳ್ಳುತ್ತವೆ. 204ರಲ್ಲಿ ನಿಂತವನಿಗೆ ಎರಡು ವಿಷಯಗಳ ಅಂಥ ಒಂದೊಂದು ಚಟುವಟಿಕೆಯೇ ಸಾಕಾಗಿತ್ತು.

ಈ ಅಂಕಗಳು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ದಾಖಲಾಗುತ್ತವೆ. ಎರಡನೆಯ ಎಫ್‌ಎ ಮುಗಿದ ಮೇಲೆ ಒಮ್ಮೆ, ಪರೀಕ್ಷಾ ಮಂಡಳಿಗೆ ಕಳುಹಿಸುವ ಮುನ್ನ ಮತ್ತೊಮ್ಮೆ, ದಾಖಲಾದ ಅಂಕಗಳನ್ನು ತೋರಿಸುವಂತೆ ತರಗತಿ ಶಿಕ್ಷಕರನ್ನು ವಿನಯದಿಂದ ಕೇಳಿರಿ. ಇದರಲ್ಲಿ ಅನುಮಾನದ ಮಾತಿಲ್ಲ. ಐವತ್ತು ಮಕ್ಕಳ ಆರು ವಿಷಯಗಳ ಅಂಕಗಳನ್ನು ನಿಧಾನವಾದ ಇಂಟರ್ನೆಟ್ಟಿನಲ್ಲಿ ರಾತ್ರಿ ಕುಳಿತು ತುಂಬಿಸುವಾಗ 14ರ ಜಾಗದಲ್ಲಿ 4 ಬೀಳುವುದುಂಟು. ನಾನೇ ಒಂದು ಸಲ ಹಾಗೆ ಮಾಡಿದ್ದೆ. ಕಂಡುಹಿಡಿದವಳು ಅಂಕ ಕಳೆದುಕೊಂಡ ಹುಡುಗಿಯೇ.

ಇಲ್ಲೊಂದು ಎಚ್ಚರಿಕೆಯ ಮಾತು. ಆಂತರಿಕ ಅಂಕಗಳು ಧಾರಾಳವಾಗಿ ಬಂದಿವೆ ಎಂದು ಲಿಖಿತ ಪರೀಕ್ಷೆಯ ಗುರಿಯನ್ನು ಇಳಿಸಬೇಡಿ. 80ಕ್ಕೆ 24 ಎಂಬುದನ್ನು, ಆಂತರಿಕ ಅಂಕವನ್ನು ಲೆಕ್ಕಕ್ಕೇ ಹಿಡಿಯದೆ, ಪ್ರತಿ ವಿಷಯದ ಕೆಳಗಿನ ಗೆರೆಯಾಗಿ ಇಟ್ಟುಕೊಳ್ಳಿ. ಕೃಪಾಂಕದ ಮೇಲೆ ಭರವಸೆಯಿಡುವವರಿಗೆ 2024ರ ನೆನಪು ಸಾಕು: ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂದ ಆ ವರ್ಷ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದರೂ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು; ಆ ಹೆಚ್ಚುವರಿ ಕೃಪಾಂಕವನ್ನು ಮರುವರ್ಷ ಮುಂದುವರಿಸಲಿಲ್ಲ.

ಶ್ರೇಣಿಗಳ ವಿಷಯದಲ್ಲಿ ಹೇಳಬೇಕಾದ್ದು ಒಂದೇ. ಒಂಬತ್ತನೆಯ ತರಗತಿಯವರೆಗಿನ ನಿರಂತರ ಮೌಲ್ಯಮಾಪನದಲ್ಲಿ ‘ಎ’ ಎಂದರೆ 70ರಿಂದ 89; ಎಸ್‌ಎಸ್‌ಎಲ್‌ಸಿ ಫಲಿತಾಂಶದ ವರ್ಗೀಕರಣದಲ್ಲಿ ‘ಎ’ ಆರಂಭವಾಗುವುದು ಶೇ. 80ಕ್ಕೆ, ಅಂದರೆ 500 ಅಂಕಗಳಿಗೆ, ‘ಎ ಪ್ಲಸ್’ 563ಕ್ಕೆ. ಒಂಬತ್ತರಲ್ಲಿ ಶೇ. 72 ಪಡೆದು ‘ಎ’ ತಂದ ಮಗು ಅಷ್ಟೇ ಶೇಕಡಾವಾರು ಅಂಕಗಳಿಗೆ ಹತ್ತರಲ್ಲಿ ‘ಬಿ ಪ್ಲಸ್’ ಪಡೆದಾಗ ಮನೆಯಲ್ಲಿ ಬೈಗುಳ ತಿನ್ನುತ್ತದೆ. ಅಕ್ಷರಗಳನ್ನು ಹೋಲಿಸಬೇಡಿ, ಅಂಕಗಳನ್ನು ಹೋಲಿಸಿ.

ಪ್ರಶ್ನೆಪತ್ರಿಕೆಯನ್ನು ಪಠ್ಯಕ್ಕೆ ಹೊಂದಿಸುವುದು

ಹೆಚ್ಚು ಸಮಯ ಬೇಡುವ ಕೆಲಸವಿದು. ಹೆಚ್ಚು ಲಾಭ ಕೊಡುವುದೂ ಇದೇ. ಹಿಂದಿನ ವರ್ಷಗಳ ಗಣಿತ ಪತ್ರಿಕೆಯೊಂದನ್ನು ತೆಗೆದುಕೊಳ್ಳಿ. ಅದರಲ್ಲಿ 38 ಪ್ರಶ್ನೆಗಳಿರುತ್ತವೆ: ಬಹು ಆಯ್ಕೆಯವು ಎಂಟು, ಒಂದು ಅಂಕದವು ಎಂಟು, ಎರಡು ಅಂಕದವು ಎಂಟು, ಮೂರು ಅಂಕದವು ಒಂಬತ್ತು, ನಾಲ್ಕು ಅಂಕದವು ನಾಲ್ಕು, ಐದು ಅಂಕದ್ದು ಒಂದು; ಕೂಡಿದರೆ 80. ನೋಟ್‌ಪುಸ್ತಕದ ಎರಡು ಎದುರುಬದುರು ಪುಟಗಳಲ್ಲಿ ಪ್ರಶ್ನೆಯ ಸಂಖ್ಯೆ, ಅಂಕ, ಪಾಠದ ಹೆಸರು, ಈ ವರ್ಷದ ಪಠ್ಯಪುಸ್ತಕದ ಪುಟ, ಮಗುವಿಗೆ ಬರುತ್ತದೋ ಇಲ್ಲವೋ ಎಂಬ ಐದು ಕಲಂಗಳನ್ನು ಎಳೆಯಿರಿ. ಪುಟದ ಸಂಖ್ಯೆಯನ್ನು ಮಗುವೇ ಹುಡುಕಿ ಬರೆಯಬೇಕು, ನೀವಲ್ಲ. ಮೂಲ ಸಮಾನುಪಾತತೆಯ ಪ್ರಮೇಯ ತ್ರಿಭುಜಗಳ ಪಾಠದ ಯಾವ ಪುಟದಲ್ಲಿದೆ ಎಂದು ಹುಡುಕುವಾಗ ಅದರ ಚಿತ್ರವನ್ನೂ ಹೇಳಿಕೆಯನ್ನೂ ಮತ್ತೊಮ್ಮೆ ನೋಡಿಯೇ ಇರುತ್ತದೆ.

ನಾಲ್ಕನೆಯ ಕಲಂ ಕೆಲವೆಡೆ ಖಾಲಿ ಉಳಿಯುತ್ತದೆ, ಮತ್ತು ಖಾಲಿ ಉಳಿದ ಜಾಗಗಳೇ ಈ ಅಭ್ಯಾಸದ ಸಾರ. ನಮ್ಮ ಹೈಸ್ಕೂಲಿನ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಎಂಬ ಕೇಂದ್ರದ ಸಂಸ್ಥೆ ರೂಪಿಸುವ ಪಠ್ಯವನ್ನು ಆಧರಿಸಿದವು. ಎನ್‌ಸಿಇಆರ್‌ಟಿ 2022-23ರಲ್ಲಿ ತನ್ನ ಹತ್ತನೆಯ ತರಗತಿಯ ಗಣಿತದಿಂದ ರಚನೆಗಳ ಪಾಠ, ಶಂಕುವಿನ ಭಿನ್ನಕ, ಓಜೀವ್ ನಕ್ಷೆ ಮೊದಲಾದ ಭಾಗಗಳನ್ನು, ವಿಜ್ಞಾನದಿಂದ ಧಾತುಗಳ ಆವರ್ತನೀಯ ವರ್ಗೀಕರಣ, ಜೀವವಿಕಾಸದಂಥ ಭಾಗಗಳನ್ನು ಕೈಬಿಟ್ಟಿತು. (ಆವರ್ತಕ ಕೋಷ್ಟಕವನ್ನೇ ಕಾಣದೆ ಪಿಯುಸಿ ವಿಜ್ಞಾನಕ್ಕೆ ಹೋಗುವ ಮಗುವಿನ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ, ಆದರೆ ಅದು ಬೇರೆಯ ಚರ್ಚೆ.) ಹಳೆಯ ಪತ್ರಿಕೆಗಳಲ್ಲಿ, ಬೀದಿಬದಿಯ ಗೈಡುಗಳಲ್ಲಿ, ಟ್ಯೂಷನ್ ನೋಟ್ಸುಗಳಲ್ಲಿ ಇಂಥ ಭಾಗಗಳು ಹಾಗೆಯೇ ಉಳಿದುಕೊಂಡಿರುತ್ತವೆ. ಹಳೆಯ ಪತ್ರಿಕೆಯ ಪ್ರಶ್ನೆಯೊಂದು ಮಗುವಿನ ಕೈಯಲ್ಲಿರುವ ರಾಜ್ಯ ಪಠ್ಯಪುಸ್ತಕದ ಯಾವ ಪುಟದಲ್ಲೂ ಸಿಗದಿದ್ದರೆ, ಅದನ್ನು ವಿಷಯ ಶಿಕ್ಷಕರಿಗೆ ತೋರಿಸಿ, ಈ ಸಾಲಿಗೆ ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಂಡು, ಇಲ್ಲವೆಂದಾದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ.

ಭಾಷೆ ಮತ್ತು ಸಮಾಜ ವಿಜ್ಞಾನಕ್ಕೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. 2022ರಲ್ಲಿ ರಾಜ್ಯದ ಈ ಪುಸ್ತಕಗಳ ಒಂದು ಪರಿಷ್ಕರಣೆ ನಡೆಯಿತು; 2023ರಲ್ಲಿ ಪುಸ್ತಕಗಳು ಅಚ್ಚಾದ ಮೇಲೆ ಕೆಲವು ಪಾಠಗಳನ್ನು ಕೈಬಿಟ್ಟು ಬೇರೆಯವನ್ನು ಸೇರಿಸಲಾಯಿತು. ಅಕ್ಕನ ಪುಸ್ತಕವನ್ನು ತಮ್ಮ ಓದುವುದು ನಮ್ಮ ಮನೆಗಳ ಒಳ್ಳೆಯ ಸಂಪ್ರದಾಯವೇ ಸರಿ, ಆದರೆ ಓದುವ ಮುನ್ನ ಎರಡೂ ಪುಸ್ತಕಗಳ ಪರಿವಿಡಿಯನ್ನು ಅಕ್ಕಪಕ್ಕ ಇಟ್ಟು ಬೆರಳಿಟ್ಟು ಹೋಲಿಸಬೇಕು. ಹತ್ತು ನಿಮಿಷದ ಕೆಲಸ. ಚಾಲ್ತಿಯಲ್ಲಿರುವ ಆವೃತ್ತಿ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಎರಡು ಪತ್ರಿಕೆಗಳನ್ನು ಹೀಗೆ ಹೊಂದಿಸಿದ ಮೇಲೆ ಪಾಠವಾರು ಅಂಕಗಳನ್ನು ಕೂಡಿ ನೋಡಿರಿ. ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣಗಳ ಜೋಡಿ, ತ್ರಿಭುಜಗಳು, ಸಂಖ್ಯಾಶಾಸ್ತ್ರ ಇವುಗಳ ತೂಕವೆಷ್ಟು, ಸಂಭವನೀಯತೆಯ ತೂಕವೆಷ್ಟು ಎಂಬುದು ಕಣ್ಣಿಗೆ ಕಟ್ಟುತ್ತದೆ. ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂದು ಹಂಚುವ ಹಾಳೆಗಳು ಇಂಥ ಲೆಕ್ಕದಿಂದಲೇ ಹುಟ್ಟಿದವು. ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಒಂದು ಷರತ್ತಿನ ಮೇಲೆ: ಅದು 24 ಅಂಕ ಮುಟ್ಟುವವರೆಗಿನ ಊರುಗೋಲು. ಐವತ್ತು ತೆಗೆಯಬಲ್ಲ ಮಗುವಿನ ಕೈಗೂ ಅದನ್ನೇ ಕೊಟ್ಟು ಕೂರಿಸುವುದು ಸರಿಯಲ್ಲ. ಪತ್ರಿಕೆ ಓದಿಕೊಳ್ಳಲು ಕೊಡುವ ಮೊದಲ 15 ನಿಮಿಷಗಳಲ್ಲಿ ತನಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಗುರುತಿಸಿಕೊಳ್ಳುವುದನ್ನೂ ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಅಭ್ಯಾಸ ಮಾಡಿಸಿರಿ.

ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ಬಳಸಿಕೊಳ್ಳುವುದು

2023-24ರಲ್ಲಿ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ತೇರ್ಗಡೆಯಾದವರೂ ಅಂಕ ಹೆಚ್ಚಿಸಿಕೊಳ್ಳಲು ಮುಂದಿನ ಪರೀಕ್ಷೆ ಬರೆಯಬಹುದು. ವಿಷಯವಾರು ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದು ಉಳಿಯುತ್ತದೆ. ಆದರೆ ಶಾಲೆಯ ಮೂಲಕ ಹೊಸದಾಗಿ ಬರೆಯುವವರು ಪರೀಕ್ಷೆ-1ಕ್ಕೆ ನೋಂದಾಯಿಸಲೇಬೇಕು, ಅದಕ್ಕೆ ಶೇ. 75 ಹಾಜರಾತಿಯೂ ಬೇಕು. ‘ಮೊದಲನೆಯದು ಬಿಟ್ಟು ಎರಡನೆಯದನ್ನೇ ಬರೆಯುತ್ತೇನೆ’ ಎನ್ನುವ ಮಕ್ಕಳಿಗೆ ಇದನ್ನು ನವೆಂಬರ್ ತಿಂಗಳಲ್ಲೇ ತಿಳಿಸಿರಿ.

ಪರೀಕ್ಷೆ-1ರ ನಂತರ ಮಂಡಳಿ ತನ್ನ ಜಾಲತಾಣದಲ್ಲಿ ಕೀ ಉತ್ತರಗಳನ್ನು ಪ್ರಕಟಿಸುತ್ತದೆ. ಮಗು ಪ್ರಶ್ನೆಪತ್ರಿಕೆಯ ಮೇಲೆಯೇ ತಾನು ಬರೆದ ಉತ್ತರಗಳ ಗುರುತು ಹಾಕಿಕೊಂಡು ಬಂದಿದ್ದರೆ ಫಲಿತಾಂಶಕ್ಕೆ ಮೊದಲೇ ಅಂದಾಜು ಸಿಗುತ್ತದೆ. ಫಲಿತಾಂಶ ಬಂದು ಅಂದಾಜಿಗೂ ಅಂಕಕ್ಕೂ ದೊಡ್ಡ ಅಂತರ ಕಂಡರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಪ್ರತಿ ಕೈಗೆ ಬಂದ ಮೇಲೆ ಕೊನೆಯ ಪುಟಗಳನ್ನು ಮೊದಲು ನೋಡಿರಿ, ಏಕೆಂದರೆ ಮೌಲ್ಯಮಾಪಕರ ಕಣ್ಣು ತಪ್ಪುವುದು ಹೆಚ್ಚಾಗಿ ಅಲ್ಲಿ, ಮುಂದುವರಿಕೆಯಾಗಿ ಬರೆದ ಉತ್ತರಗಳಲ್ಲಿ. ಪ್ರತಿ ಉತ್ತರಕ್ಕೂ ಅಂಕ ಬಿದ್ದಿದೆಯೇ, ಒಳಗಿನ ಅಂಕಗಳ ಮೊತ್ತ ಮುಖಪುಟದ ಮೊತ್ತಕ್ಕೆ ತಾಳೆಯಾಗುತ್ತದೆಯೇ ಎಂದು ಕೂಡಿ ನೋಡಿ. ಮೊತ್ತ ತಪ್ಪಿದ್ದರೆ ಮರುಎಣಿಕೆ. ಉತ್ತರ ಸರಿಯಿದ್ದೂ ಅಂಕ ಕಡಿಮೆಯಿದ್ದರೆ, ವಿಷಯ ಶಿಕ್ಷಕರೊಬ್ಬರು ಕೀ ಉತ್ತರದೊಂದಿಗೆ ಹೋಲಿಸಿ ಹೌದೆಂದ ಮೇಲೆ ಮಾತ್ರ, ಮರುಮೌಲ್ಯಮಾಪನ.

ಇವೆಲ್ಲಕ್ಕೂ ದಿನಗಳು ಬಹಳ ಕಡಿಮೆ, ಮತ್ತು ಪರೀಕ್ಷೆ-2ರ ನೋಂದಣಿಗೂ ಕಾಲಾವಕಾಶ ಹೆಚ್ಚಿರುವುದಿಲ್ಲ. ಮರುಮೌಲ್ಯಮಾಪನದ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕಾದವರಿಗೆ ನೋಂದಣಿಯ ಕೊನೆಯ ದಿನ ತಪ್ಪಬಹುದು. ಎರಡಕ್ಕೂ ಒಂದೇ ವಾರದಲ್ಲಿ ಅರ್ಜಿ ಹಾಕಿರಿ. ಪರೀಕ್ಷೆ-2ಕ್ಕೆ ವಿಷಯ ಆಯ್ದುಕೊಳ್ಳುವಾಗ ನೋಟ್‌ಪುಸ್ತಕದ ಮೊದಲ ಪುಟಕ್ಕೆ ಹಿಂದಿರುಗಿ: ಮಗು ಒಂದು ವಿಷಯದಲ್ಲಿ ಮೂವತ್ತರ ಗೆರೆಯ ಕೆಳಗೆ ಬಿದ್ದಿದ್ದರೆ ಆ ವಿಷಯ, ಎಲ್ಲ ಗೆರೆಗಳನ್ನೂ ದಾಟಿ ಒಟ್ಟು ಮೊತ್ತ ಮಾತ್ರ 206ಕ್ಕೆ ಕಡಿಮೆಯಿದ್ದರೆ, ಅತಿ ಕಡಿಮೆ ಅಂಕ ಬಂದ ವಿಷಯವಲ್ಲ, ಅತಿ ಸುಲಭವಾಗಿ ಏರಿಸಬಹುದಾದ ವಿಷಯ.