ಶೂಟಿಂಗ್‌ಗೆ ಕುದುರೆ ತರುವ ಮುನ್ನ

ದೃಶ್ಯದಲ್ಲಿ ಕುದುರೆ ಇದ್ದರೆ ಮೊದಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. 2001ರ ನಿಯಮದಂತೆ ಕುದುರೆಯ ವಯಸ್ಸು, ಮಾಡಿಸುವ ಕೆಲಸ, ಅವಧಿ ಬರೆದು ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಲಗತ್ತಿಸಿ. ‘ಕುದುರೆ ಓಡುತ್ತದೆ’ ಅಂದರೆ ಸಾಲದು. ಎಂಥ ನೆಲ, ಎಷ್ಟು ದೂರ, ಹತ್ತಿರ ಬೆಂಕಿ ಇದೆಯೇ, ಎಲ್ಲವನ್ನೂ ತಿಳಿಸಿ.

ಸೆಟ್‌ನಲ್ಲಿ ಹೆಚ್ಚು ಏಟಾಗುವುದು ಕಾಲಿಗೆ. ಲಾಳವಿಲ್ಲದೆ ಡಾಂಬರಿನ ಮೇಲೆ ನಡೆಸಿದರೆ ಗೊರಸು ಸವೆದು ಸೀಳುತ್ತದೆ. ನುಣುಪು ಟೈಲ್ಸ್ ಮೇಲೆ ಲಾಳವೇ ಜಾರುತ್ತದೆ, ಹಾಗಾಗಿ ರಬ್ಬರ್ ಮ್ಯಾಟ್ ಹಾಸಿ. ಟೇಕ್‌ಗಳ ನಡುವೆ ಗೊರಸೆತ್ತಿ ನೋಡಿ, ಸಿಕ್ಕಿಕೊಂಡ ಕಲ್ಲು ತೆಗೆಯಿರಿ. ಕುಂಟಿದರೆ ನಿರ್ದೇಶಕರು ಎಷ್ಟೇ ಅವಸರಿಸಲಿ, ಅಂದಿಗೆ ಅದರ ಕೆಲಸ ಮುಗಿಯಿತು.

ಬೆಂಕಿ, ಸ್ಫೋಟ ಬೇರೆ ಚಿತ್ರೀಕರಿಸಿ ಗ್ರಾಫಿಕ್ಸ್‌ನಲ್ಲಿ ಸೇರಿಸಿ. ಮಂಪರು ಮದ್ದು ಕೊಟ್ಟು ಬೀಳಿಸುವುದು ಕ್ರೌರ್ಯ, ಕಾನೂನಿಗೂ ವಿರುದ್ಧ.