ಮಲ್ಲಿಗೆ ಎಲೆ ಹೆಣೆಯೋ ಹುಳ ಕಡೆಗೂ ಬಗ್ಗಿತು – ನನ್ನ ಅನುಭವ

ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಮಾಡೋರಿಗೆ ಹಿಂಡಿ, ಗೊಬ್ಬರ ಅಂತ ನಾನು ಪಾಠ ಮಾಡೋದಿಲ್ಲ. ಮಳೆ ಕಮ್ಮಿ ಆಗೋ ಹೊತ್ತಿಗೆ ಎಲೆಗೆ ಬೀಳೋ ಹುಳದ್ದು ಮಾತ್ರ ಹೇಳ್ತೇನೆ. ಎರಡು ವರ್ಷ ನನ್ನ 60 ಗಿಡ ಬೋಳಾಗಿ, ದಿನಕ್ಕೆ ಮೂರು ಚೆಂಡು (ಕಟ್ಟಿದ ಹೂವಿನ ಲೆಕ್ಕ) ಆಗ್ತಿದ್ದದ್ದು ಒಂದಕ್ಕೆ ಇಳಿದಿತ್ತು ಮಾರಾಯ್ರೆ.

ಮೊದಲು ಬಲೆ ನೋಡಿ ನುಸಿ ಅಂತ ಗಂಧಕ ಹೊಡೆದೆ, ದಂಡ. ಆಮೇಲೆ ಒಂದು ದಿನ ಅಂಟಿಕೊಂಡ ಎಲೆ ಬಿಡಿಸಿ ನೋಡಿದ್ರೆ ಹಸಿರು ಹುಳ, ಮುಟ್ಟಿದ ಕೂಡ್ಲೇ ಹಿಂದೆ ಹಾರಿ ನೂಲು ಹಿಡ್ಕೊಂಡು ನೇತಾಡ್ತದೆ, ಎಲೆಯ ಹಸಿರೆಲ್ಲ ಕೆರೆದು ಬರೀ ನರದ ಜಾಲರಿ, ಬಲೆ ತುಂಬ ಕಪ್ಪು ಹಿಕ್ಕೆ. ಸಂಜೆ ಗಿಡ ಅಲ್ಲಾಡಿಸಿದ್ರೆ ಕಂದು ಪತಂಗ ಏಳ್ತದೆ, ರೆಕ್ಕೆಯಲ್ಲಿ ಕನ್ನಡಿ ಹಾಗಿನ ಚುಕ್ಕೆ. ಮೊಗ್ಗಿಗೆ ತೂತು ಹಾಕೋದು ಬೇರೆ ಹುಳ, ಅದಕ್ಕೂ ಇದಕ್ಕೂ ಗೊಂದಲ ಮಾಡ್ಬೇಡಿ.

ಅಂಗಡಿಯವ ಕೊಟ್ಟ ಸ್ಟ್ರಾಂಗ್ ಮದ್ದಿಗೆ 1,800 ಹೋಯ್ತು, ಹೂವಿಗೆ ಮದ್ದಿನ ವಾಸನೆ ಅಂತ ಹೂ ತೆಗೆದುಕೊಳ್ಳೋ ಕಟ್ಟೆಯಿಂದ ಅಟ್ಟೆ (ನಾಲ್ಕು ಚೆಂಡಿನ ಕಟ್ಟು) ವಾಪಸ್. ತಲೆಗೆ ಮುಡಿಯೋ ಹೂವಿಗೆ ಅದೆಲ್ಲ ಹೊಡೆದದ್ದು ನನ್ನದೇ ತಪ್ಪು. ನಡುವೆ ಗೇರು ಮರದ ಚಗಳಿ ಇರುವೆಯ ಗೂಡು ತಂದು ಬಿಟ್ಟೆ, ಹುಳ ತಿಂದವು ನಿಜ, ಆದ್ರೆ ಹೂ ಕೊಯ್ಯೋ ನನ್ನ ಹೆಂಡತಿಯ ಕೈಯನ್ನೂ ಬಿಡ್ಲಿಲ್ಲ, ಮೂರು ದಿನ ಮನೆಯಲ್ಲಿ ಮಾತಿಲ್ಲ. ಪತಂಗ ಬೀಳ್ಲಿ ಅಂತ ಬಲ್ಬ್ ಕೆಳಗೆ ಸೋಪುನೀರಿನ ಬೇಸಿನ್ ಇಟ್ಟದ್ದಕ್ಕೆ ಬಿದ್ದದ್ದು ಈಸಲು, ಬಂದದ್ದು ಕಪ್ಪೆ.

ಕಡೆಗೆ ಬೀಟಿ ಪುಡಿ, ಅಂದ್ರೆ ಹುಳವನ್ನು ಕೊಲ್ಲೋ ಬ್ಯಾಕ್ಟೀರಿಯಾದ ಮದ್ದು, ತಂದೆ, 300 ಚಿಲ್ಲರೆ ಇರಬೇಕು. ಮೊದಲ ಸಲ ಅದೂ ಫೇಲ್! ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಕ್ಯಾನನ್ನೇ ತೊಳೆಯದೆ ಬಳಸಿದ್ದೆ, ಸುಣ್ಣ ತಾಗಿದ್ರೆ ಬೀಟಿ ಕೆಲಸ ಮಾಡೋದಿಲ್ಲ. ಎರಡನೇ ಸಲ ಮಧ್ಯಾಹ್ನ ಹೊಡೆದೆ, ಬಿಸಿಲಿಗೆ ಹೋಯ್ತು. ಮೂರನೇ ಸಲ ಹೆಣೆದ ಎಲೆ ಎಲ್ಲ ಕಿತ್ತು ಸೋಪುನೀರಿಗೆ ಹಾಕಿ, ಹುಳ ಇನ್ನೂ ನೂಲಿನ ಹಾಗೆ ಸಪೂರ ಇರುವಾಗ, ಸಂಜೆ 5.30ರ ನಂತರ ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಎಲೆ ಅಡಿಗೆ ಸಮಾ ಹೊಡೆದೆ. ಅಂಟಲಿಕ್ಕೆ ಏನು ಸೇರಿಸಿದೆ ಅಂತ ಕೇಳ್ಬೇಡಿ, ಸೋಪಂತೂ ಅಲ್ಲ.

ಮರುದಿನ ಪಕ್ಕದ ಮನೆಯವರು ಬಂದು "ಎಂತ ಅಣ್ಣ, ಹುಳಕ್ಕೆ ಟಾನಿಕ್ ಕೊಟ್ರಾ?" ಅಂತ ನಗಾಡಿದ್ರು. ಹುಳ ಜೀವಂತ ಇತ್ತು ಸರಿ, ಆದ್ರೆ ಹೊಸ ಚಿಗುರಿಗೆ ಬಾಯಿ ಹಾಕಿರ್ಲಿಲ್ಲ, ಅದನ್ನು ಅವರು ನೋಡ್ಲೇ ಇಲ್ಲ. ಮೂರನೇ ದಿನ ಕಪ್ಪಾಗಿ ಜೋತುಬಿದ್ದಿದ್ದವು. ವಾರ ಬಿಟ್ಟು ಇನ್ನೊಂದು ಸಲ ಹೊಡೆದೆ, ಅಷ್ಟೇ.

ಅಂದ ಹಾಗೆ ಆಲಿವ್ ಮರವೂ ಮಲ್ಲಿಗೆ ಕುಟುಂಬದ್ದೇ ಅಂತೆ, ಇಟಲಿ ಕಡೆ ಅದರ ಚಿಗುರು ತಿನ್ನೋ ಬಿಳಿ ಪತಂಗಕ್ಕೆ ಜಾಸ್ಮಿನ್ ಮಾತ್ ಅಂತಲೇ ಹೆಸರು, ಅಲ್ಲೂ ಬೀಟಿಯೇ ಹೊಡೀತಾರೆ.

ಹೋದ ಮಳೆಗಾಲದ ಕೊನೆಗೆ ಮೂರು ಚೆಂಡು ವಾಪಸ್ ಬಂತು. ನಗಾಡಿದವರು ಮೊನ್ನೆ ಕ್ಯಾನ್ ಕೇಳ್ಕೊಂಡು ಬಂದಿದ್ರು, ತೊಳೆದೇ ಕೊಟ್ಟೆ.